ಪುರಂದರ ಮಂಟಪದಲ್ಲಿ ಒಂದು ಲೆಕ್ಕ

(ಪುಷ್ಯ ಬಹುಳ ಅಮಾವಾಸ್ಯೆ, ಪುರಂದರದಾಸರ ಪುಣ್ಯದಿನ. ಹಂಪಿಯ ಪುರಂದರ ಮಂಟಪದಲ್ಲಿ ಗೋಷ್ಠಿಗಾಯನ ಮುಗಿದಿದೆ. ಹೊಸಪೇಟೆಯಲ್ಲಿ ಸಂಗೀತ ಹೇಳಿಕೊಡುವ ಟೀಚರ್ ಒಬ್ಬರು, ಸಂಡೂರಿನಿಂದ ಮಗಳನ್ನು ಕರೆತಂದಿರುವ ತಂದೆ ಒಬ್ಬರು ಹೊಳೆಯ ಕಡೆ ಮುಖಮಾಡಿ ಕೂತಿದ್ದಾರೆ. ಮಗಳು ಪಕ್ಕದಲ್ಲೇ ತಂಬೂರಿಗೆ ಗವಸು ಹಾಕುತ್ತಿದ್ದಾಳೆ.)

ತಂದೆ: ಮೇಡಂ, ಹಾಡಿದ್ದು ಚಂದಾಗಿತ್ತು, ಅದರಾಗೆ ಎರಡು ಮಾತಿಲ್ಲ. ಆದ್ರೆ ನಾನು ಇವತ್ತು ಬಂದಿದ್ದು ಬೇರೆ ವಿಷಯಕ್ಕೆ. ಮಾರ್ಚ್ ತಿಂಗಳಾಗೆ ಇವಳದು ಸೆಕೆಂಡ್ ಪಿಯುಸಿ ಪರೀಕ್ಷೆ. ಕಾಮರ್ಸ್ ತಗೊಂಡಾಳೆ. ಬಿಕಾಂ ಮಾಡಿಸಿ ತೋರಣಗಲ್ಲು ಕಡೆ ಎಲ್ಲಾದ್ರೂ ಅಕೌಂಟ್ಸ್ ಕೆಲಸಕ್ಕೆ ಸೇರಿಸೋದು ನನ್ನ ಲೆಕ್ಕ. ಇವಳು ನೋಡಿದ್ರೆ ಮೊನ್ನೆ ರಾತ್ರಿ ಊಟಕ್ಕೆ ಕೂತಾಗ, ‘ನಾನು ಸಂಗೀತದಾಗೇ ಮುಂದೆ ಹೋಗ್ತೀನಿ’ ಅಂತಾಳೆ. ನಿಮಗೆ ಇದು ಗೊತ್ತಿತ್ತಾ?

ಟೀಚರ್: ಗೊತ್ತಿತ್ತು. ದೀಪಾವಳಿ ಹೊತ್ತಿಗೇ ನನ್ನ ಹತ್ರ ಹೇಳಿದ್ಲು. ನನ್ನ ಅಭಿಪ್ರಾಯ ಕೇಳೋ ಮುಂಚೆ ಮನೆಯಲ್ಲಿ ಅಪ್ಪನ ಹತ್ರ ಮಾತಾಡು ಅಂದೆ. ಅವಳಿಗೆ ಧೈರ್ಯ ಬರೋಕೆ ಇಷ್ಟು ದಿನ ಹಿಡೀತು.

ತಂದೆ: ನಾನು ಸಂಗೀತದ ವಿರೋಧಿ ಅಲ್ಲ. ಜೂನಿಯರ್ ಪರೀಕ್ಷೆ ಮಾಡಿಸಿದೆ, ಸೀನಿಯರ್ ಮಾಡಿಸಿದೆ. ವಾರಕ್ಕೆ ಎರಡು ಸಲ ಅದಿರು ಲಾರಿಗಳ ಹಿಂದೆ ಧೂಳು ಕುಡ್ಕೊಂತ ಬಸ್ಸಿನಾಗೆ ಬಂದು ಕಲಿತಾಳೆ, ಒಂದು ದಿನ ಬೇಡ ಅಂದಿಲ್ಲ. ಆದ್ರೆ ಕಲಿಯೋದು ಬೇರೆ, ಅದನ್ನೇ ನಂಬಿ ಬದುಕೋದು ಬೇರೆ. ದಾಸರ ಮಂಟಪದಾಗೆ ಕೂತು ಕೇಳ್ತೀನಿ, ತಪ್ಪು ತಿಳೀಬೇಡ್ರಿ. ನವಕೋಟಿ ನಾರಾಯಣ ಅನ್ನಿಸಿಕೊಂಡ ಸಾಹುಕಾರ ಎಲ್ಲಾ ಬಿಟ್ಟು ಗೋಪಾಳಬುಟ್ಟಿ ಹಿಡಿದ ಅಂತ ಕೇಳಿದ್ರೆ ನನಗೂ ಕಣ್ಣಾಗೆ ನೀರು ಬರ್ತದೆ. ಹಂಗಂತ ನನ್ನ ಮಗಳೂ ಬುಟ್ಟಿ ಹಿಡಿಯಬೇಕಾ?

ಟೀಚರ್: ಬೇಡ. ಯಾವ ಮಗುವಿಗೂ ನಾನು ಆ ಮಾತು ಹೇಳಲ್ಲ. ದಾಸರದು ವೈರಾಗ್ಯ, ಅದನ್ನ ಇನ್ನೊಬ್ಬರ ಮೇಲೆ ಹೇರೋಕಾಗಲ್ಲ. ಆದರೆ ಅಣ್ಣಾವ್ರೇ, ಇದೇ ಊರಲ್ಲಿ ಅದೇ ಕಾಲಕ್ಕೆ ಸಂಗೀತದಿಂದ ಇನ್ನೊಂದು ರೀತಿ ಬದುಕಿದವರೂ ಇದ್ರು. ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ‘ಸ್ವರಮೇಳಕಲಾನಿಧಿ’ ಬರೆದ. ಯಾವ ರಾಗ ಯಾವ ಮೇಳಕ್ಕೆ ಸೇರುತ್ತೆ, ವೀಣೆಯ ಮೆಟ್ಟಿಲು ಎಲ್ಲೆಲ್ಲಿ ಕೂರಬೇಕು ಅಂತ ಲೆಕ್ಕ ಹಾಕಿ ಬರೆದ ಪುಸ್ತಕ ಅದು. ಅದಕ್ಕೂ ನೂರು ವರ್ಷ ಹಿಂದೆ, ಇಮ್ಮಡಿ ದೇವರಾಯನ ಕಾಲಕ್ಕೆ, ಕಲ್ಲಿನಾಥ ‘ಸಂಗೀತರತ್ನಾಕರ’ಕ್ಕೆ ವ್ಯಾಖ್ಯಾನ ಬರೆದಿದ್ದ. ಅವರು ಶಾಸ್ತ್ರ ಬಲ್ಲವರು, ಅರಮನೆ ಅವರನ್ನ ಸಾಕಿತು.

ತಂದೆ: ಅರಮನೆ ಎಲ್ಲೈತ್ರಿ ಈಗ? ಅಡಿಪಾಯ ಉಳಿದಾವೆ, ಅಷ್ಟೆ.

ಟೀಚರ್: ಅರಮನೆ ಹೋಯ್ತು. ಉಳಿದದ್ದು ದಾಸರು ಹಾಕಿಕೊಟ್ಟ ಪಾಠ. ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ. ಈ ಕ್ರಮ ದಾಸರಿಂದ ಬಂತು ಅಂತಲೇ ನಮ್ಮ ಪರಂಪರೆ ನಂಬಿಕೊಂಡಿದೆ. ಹೊಸಪೇಟೆಯಲ್ಲಿ ನಾನು, ಬಳ್ಳಾರಿಯಲ್ಲಿ ಇನ್ನೊಬ್ಬರು, ಬೆಂಗಳೂರು, ಚೆನ್ನೈ, ಅಮೆರಿಕದಲ್ಲಿ ಇನ್ನೆಷ್ಟೋ ಜನ ಬೆಳಿಗ್ಗೆ ಎದ್ದು ಅದನ್ನೇ ಹೇಳಿಕೊಡ್ತೀವಿ. ಭಿಕ್ಷೆ ಎತ್ತಿದ ಒಬ್ಬರಿಂದ ಐನೂರು ವರ್ಷದ ಮೇಲೂ ಇಷ್ಟು ಮನೆಗಳ ಒಲೆ ಉರೀತಿದೆ. ಇದನ್ನ ನೆನೆಸಿಕೊಂಡೇ ನಾನು ಪ್ರತಿವರ್ಷ ಇಲ್ಲಿಗೆ ಬರ್ತೀನಿ.

ತಂದೆ: ಒಲೆ ಉರಿಯೋದು ಹೆಂಗೆ ಅಂತ ಬಿಡಿಸಿ ಹೇಳ್ರಿ. ನಾನು ಗಣಿ ವೇಬ್ರಿಡ್ಜಿನಾಗೆ ತೂಕದ ಚೀಟಿ ಬರೆಯೋನು. ಬರೋ ಲಾರಿ ಎಷ್ಟು, ಹೋಗೋ ಲಾರಿ ಎಷ್ಟು, ಇಷ್ಟೇ ನನಗೆ ತಿಳಿಯೋದು. ಇನ್ನೊಂದು ಮಾತು. ನಮ್ಮ ಸೋದರಮಾವ ನಾಟಕದ ಹಾರ್ಮೋನಿಯಂ ಮಾಸ್ತರ್ ಇದ್ದ. ಜಾತ್ರೆ ಹತ್ರ ಬಂದ್ರೆ ಅವನಿಗೆ ಊರೂರಿಂದ ಕರೆ. ಎರಡು ತಿಂಗಳು ತಾಲೀಮು. ರೈತರು ಹೊಲದಿಂದ ಬಂದು ಉಂಡು, ರಾತ್ರಿ ಒಂಬತ್ತಕ್ಕೆ ಕೂಡ್ತಿದ್ರು. ಒಬ್ಬನಿಗೆ ಕಪ್ಪು ಎರಡರಾಗೆ ದನಿ ಏರ್ತದೆ, ಇನ್ನೊಬ್ಬನಿಗೆ ಬಿಳಿ ಒಂದೇ ಭಾರ. ಒಬ್ಬೊಬ್ಬನಿಗೂ ಅವನವನ ಶ್ರುತಿ ಹುಡುಕಿ, ಅಕ್ಷರ ಬರದೋನಿಗೆ ಸಾಲು ಸಾಲಾಗಿ ಬಾಯಿಪಾಠ ಮಾಡಿಸಿ, ದುರ್ಯೋಧನನ ಕೈಲಿ ಕಂದ ಹಾಡಿಸ್ತಿದ್ದ. ನಾಟಕದ ದಿನ ರಂಗದ ಮುಂದೆ ಕೂತ್ರೆ ಬೆಳಗಾಗೋವರೆಗೂ ಏಳಂಗಿಲ್ಲ. ಇಡೀ ಊರು ‘ಮಾಸ್ತರ್ ಮಾಸ್ತರ್’ ಅಂತಿತ್ತು. ಕೊನೆಗೆ ಹೆಂಡತಿ ಆಸ್ಪತ್ರೆ ಖರ್ಚಿಗೆ ಆ ಪೆಟ್ಟಿಗೇನೂ ಮಾರಿದ. ನಾನು ಅದನ್ನ ಕಣ್ಣಾರೆ ಕಂಡೋನು.

ಟೀಚರ್: ಅವರಂಥವರಿಂದಲೇ ನಮ್ಮ ಸೀಮೆಯ ಹಳ್ಳಿಗಳಿಗೆ ರಾಗದ ಕಿವಿ ಬಂದಿದ್ದು. ಕಚೇರಿಗೆ ಟಿಕೆಟ್ ಕೊಂಡು ಹೋಗದ ಜನ ರಂಗಗೀತೆ ಕೇಳಿ ಭೀಮಪಲಾಸ್ ಗುರುತು ಹಿಡೀತಾರೆ. ಮರಿಯಮ್ಮನಹಳ್ಳಿ ಕಡೆ ಇವತ್ತಿಗೂ ನಾಟಕವನ್ನೇ ನಂಬಿ ಬದುಕೋ ಕಲಾವಿದೆಯರಿದ್ದಾರೆ. ಆದರೆ ನಿಮ್ಮ ಮಾವನವರ ಕಷ್ಟ ಎಲ್ಲಿತ್ತು ನೋಡಿ. ಅವರಿಗೆ ವಿದ್ಯೆ ಕಡಿಮೆ ಇರಲಿಲ್ಲ. ಇದ್ದದ್ದು ಒಂದೇ ದಾರಿ, ಅದೂ ಜಾತ್ರೆಯ ಕಾಲಕ್ಕೆ ಮಾತ್ರ. ಮಳೆಗಾಲ ಬಂದ್ರೆ ನಾಟಕವಿಲ್ಲ. 2020ರಲ್ಲಿ ಕೊರೋನಾ ಬಂದು ಜಾತ್ರೆ ನಿಂತಾಗ ಅಂಥವರೆಲ್ಲ ಬರಿಗೈಲಿ ಕೂತ್ರು. ಒಂದೇ ಕಡೆಯಿಂದ ದುಡ್ಡು ಬರೋ ಬದುಕು ಸಂಗೀತದಲ್ಲಿ ಕಟ್ಟಿಕೊಳ್ಳಬಾರದು.

ತಂದೆ: ನೌಕರಿ ಅಂದ್ರೆ ಒಂದೇ ಕಡೆಯಿಂದಲೇ ಬರೋದಲ್ರಿ, ಒಂದನೇ ತಾರೀಕಿಗೆ.

ಟೀಚರ್: 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಗಣಿ ನಿಲ್ಲಿಸಿತಲ್ಲ, ಆವಾಗ ನಿಮಗೆ ಒಂದನೇ ತಾರೀಕು ಬಂತಾ?

ತಂದೆ: (ಸ್ವಲ್ಪ ಹೊತ್ತು ಬಿಟ್ಟು) ಇಲ್ಲ. ಲಾರಿ ಕೊಂಡೋರು ಕಂತು ಕಟ್ಟಲಾರದೆ ಬಿಟ್ರು. ನಾನು ಕಂಪ್ಲಿ ಕಡೆ ಭತ್ತದ ಗದ್ದೆಗೂ ಹೋಗಿದ್ದೆ, ಕೂಲಿಗೆ. ಇವಳು ಆಗ ಚಿಕ್ಕೋಳು.

ಟೀಚರ್: ನೋಯಿಸೋಕೆ ಹೇಳಲಿಲ್ಲ. ಸಂಗೀತದಲ್ಲಿ ಭದ್ರತೆ ಇದೆ ಅಂತ ನಾನು ಸುಳ್ಳು ಹೇಳಲ್ಲ. ಆದರೆ ಬೇರೆ ಕಡೆ ಇದೆ ಅಂತ ನೀವು ನಂಬಿರೋ ಭದ್ರತೆಯನ್ನೂ ಒಂದು ಸಲ ತೂಕಕ್ಕೆ ಹಾಕಿ. ಅದಕ್ಕೆ ಕೇಳಿದೆ.

ತಂದೆ: ಆಯ್ತು, ಒಪ್ಪಿದೆ. ಈಗ ಇವಳ ವಿಷಯಕ್ಕೆ ಬರ್ರಿ. ದೊಡ್ಡ ಗಾಯಕಿ ಆಗ್ತಾಳಾ?

ಟೀಚರ್: ಗೊತ್ತಿಲ್ಲ. ಹದಿನೇಳನೇ ವಯಸ್ಸಿಗೆ ಅದನ್ನ ಯಾರೂ ಹೇಳೋಕಾಗಲ್ಲ. ಶಾರೀರ ಇದೆ, ತಾಳ ಗಟ್ಟಿ, ಹೇಳಿಕೊಟ್ಟಿದ್ದನ್ನ ಮರೆಯಲ್ಲ. ಮನೋಧರ್ಮ ಇನ್ನೂ ತೆರೆಯಬೇಕು. ಆದರೆ ನೀವು ಕೇಳಿದ ಪ್ರಶ್ನೆಯಿಂದಲೇ ಎಷ್ಟೋ ಮಕ್ಕಳ ದಾರಿ ತಪ್ಪುತ್ತೆ. ಸಂಗೀತಗಾರ ಅಂದ್ರೆ ವೇದಿಕೆ ನಡುವೆ ಕೂತು ಹಾಡೋರು, ಅಷ್ಟೇ ಅಂತ ಮನೆಮಂದಿಯೆಲ್ಲ ತಿಳಿದಿರ್ತಾರೆ. ವಿರೂಪಾಕ್ಷನ ತೇರಿನಲ್ಲಿ ಮೊದಲು ಕಣ್ಣಿಗೆ ಬೀಳೋದು ಕಳಸ, ಆದರೆ ತೇರು ಮುಂದಕ್ಕೆ ಹೋಗೋದು ಕೆಳಗೆ ಹಗ್ಗ ಹಿಡಿದವರಿಂದ, ಗಾಲಿಗೆ ಸನ್ನೆ ಕೊಡೋರಿಂದ. ಸಂಗೀತದಲ್ಲಿ ಹೊಟ್ಟೆಪಾಡಿನ ಕೆಲಸ ಎಲ್ಲಾ ಅಲ್ಲಿದೆ. ಕಳಸ ಆದವರೂ ಆ ಕೆಲಸ ಮಾಡಿಯೇ ಮೇಲೆ ಹೋದ್ರು. ಮಲ್ಲಿಕಾರ್ಜುನ ಮನ್ಸೂರರನ್ನೇ ತಗೊಳ್ಳಿ. ಹುಡುಗನಾಗಿ ನಾಟಕ ಕಂಪನಿಗೆ ಸೇರಿದ್ರು, ಅಲ್ಲಿ ಹಾಡಿದ್ದು ಕೇಳಿಯೇ ನೀಲಕಂಠಬುವಾ ಮಿರಜಕರ್ ಅವರನ್ನ ಶಿಷ್ಯನಾಗಿ ತಗೊಂಡ್ರು. ಆಮೇಲೆ ಎಚ್‌ಎಂವಿ ಗ್ರಾಮಫೋನ್ ಕಂಪನಿಯಲ್ಲಿ ಸಂಗೀತ ನಿರ್ದೇಶಕರಾಗಿದ್ರು, ಧಾರವಾಡ ಆಕಾಶವಾಣಿಯಲ್ಲಿ ಸಲಹೆಗಾರರಾಗಿದ್ರು. ದೇಶವೆಲ್ಲ ಅವರ ಹೆಸರು ಹೇಳೋ ಹೊತ್ತಿಗೆ ತಲೆ ನೆರೆತಿತ್ತು. ಅಲ್ಲೀವರೆಗೂ ಸಂಸಾರ ನಡೆಸಿದ್ದು ಈ ಕೆಲಸಗಳು.

ತಂದೆ: ಅದು ಧಾರವಾಡದ ಮಾತು. ನಮ್ಮ ಕಡೆ ಏನೈತಿ?

ಟೀಚರ್: ನಮ್ಮ ಕಡೆ ಇರೋದು ಧಾರವಾಡದಲ್ಲೂ ಇಲ್ಲ. ಹೊಳೆಯ ಆಚೆ ದಂಡೆ ನೋಡಿ, ಆನೆಗೊಂದಿ, ಗಂಗಾವತಿ. ಅದು ನಿಜಾಮನ ರಾಜ್ಯ ಆಗಿತ್ತು. ನಾವು ಕೂತಿರೋ ಈ ದಂಡೆ 1953ರ ಅಕ್ಟೋಬರ್ 1ರವರೆಗೂ ಮದ್ರಾಸು. ಗದಗ ಮುಂಬಯಿ ಪ್ರಾಂತ್ಯ. ನಿಮ್ಮ ಸಂಡೂರು ಘೋರ್ಪಡೆಯವರ ಮರಾಠಿ ಸಂಸ್ಥಾನ. ಹಾಗಾಗಿ ಬಳ್ಳಾರಿ ಕಡೆ ಕರ್ನಾಟಕ ಸಂಗೀತ, ಗದಗಿನ ಕಡೆಯಿಂದ ಹಿಂದೂಸ್ತಾನಿ, ಎರಡೂ ಹೊಸಪೇಟೆಯಲ್ಲಿ ಬಂದು ಕೂಡ್ತವೆ. ನನ್ನ ಮನೆಯಲ್ಲಿ ಐದೂವರೆ ಮನೆ ಶ್ರುತಿ ಅಂತೀನಿ, ಎರಡು ಬೀದಿ ಆಚೆ ಅದನ್ನೇ ಕಪ್ಪು ನಾಲ್ಕು ಅಂತಾರೆ. ಇಲ್ಲಿ ಬದುಕೋರಿಗೆ ಎರಡೂ ಗೊತ್ತಿದ್ರೆ ಕೆಲಸವೂ ಎರಡರಷ್ಟು. ಗದಗಿನ ಪಂಚಾಕ್ಷರಿ ಗವಾಯಿಗಳು ಇದನ್ನ ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ರು. ಕಣ್ಣಿಲ್ಲದ ಅವರು ಎರಡೂ ಪದ್ಧತಿ ಕಲಿತು ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನ ಹಾಕಿ ಕಲಿಸಿದ್ರು. ಅದನ್ನ ನಡೆಸೋಕೆ ನಾಟಕ ಕಂಪನಿ ಕಟ್ಟಿದ್ರು. 1944ರಲ್ಲಿ ಅವರು ಹೋದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೂ ವೀರೇಶ್ವರ ಪುಣ್ಯಾಶ್ರಮ ನಡೆಸಿದ್ರು. ಅಲ್ಲಿಂದ ಹೊರಬಂದ ಹುಡುಗರು ಎಲ್ಲೆಲ್ಲಿ ಇದ್ದಾರೆ ನೋಡಿ. ಶಾಲೆಯ ಮೇಷ್ಟ್ರು, ನಾಟಕದ ಮಾಸ್ತರ್, ಕೀರ್ತನಕಾರರು. ಶ್ರಾವಣದಲ್ಲಿ ಮಠಗಳಲ್ಲಿ ತಿಂಗಳಿಡೀ ಪುರಾಣ ಹೇಳಿಸ್ತಾರಲ್ಲ, ಆ ಕರಪತ್ರದ ಕೆಳಗೆ ಗವಾಯಿಗಳು ಇಂಥವರು, ತಬಲಾ ಸಾಥ್ ಇಂಥವರು ಅಂತ ಇರುತ್ತೆ. ಬಹಳ ಸಲ ಅವರು ಆಶ್ರಮದವರೇ. ಕಣ್ಣಿಲ್ಲದೋರು ಇಷ್ಟು ಕಡೆ ಬದುಕು ಕಟ್ಟಿಕೊಂಡ ಮೇಲೆ, ಸಂಗೀತದಲ್ಲಿ ಏನೂ ಇಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ.

ತಂದೆ: ಸರಿ. ಆದ್ರೆ ಇವಳು ಹೆಣ್ಣುಮಗಳು. ರಾತ್ರಿ ನಾಟಕ, ಊರೂರು ಪುರಾಣ, ಅದು ಆಗದ ಮಾತು ಮೇಡಂ. ಕಾಲ ಬದಲಾಗೈತಿ ಅಂತ ನೀವು ಅನ್ನಬಹುದು. ರಾತ್ರಿ ಒಂದು ಗಂಟೆಗೆ ಬಸ್‌ಸ್ಟ್ಯಾಂಡಿನಾಗೆ ನಿಂತಿರೋಳು ನನ್ನ ಮಗಳು, ನಿದ್ದೆ ಬರದೆ ಕೂರೋನು ನಾನು.

ಟೀಚರ್: ಆ ಆತಂಕ ನಿಜ. ನಾನೂ ಆ ಬಸ್‌ಸ್ಟ್ಯಾಂಡಿನಲ್ಲಿ ನಿಂತೋಳೇ. ಅದಕ್ಕೇ ಇವಳಿಗೆ ನಾನು ಮೊದಲು ತೋರಿಸೋ ಕೆಲಸ ಬೇರೆ. ಭರತನಾಟ್ಯಕ್ಕೆ ಹಾಡೋದು. ಹೊಸಪೇಟೆ, ಬಳ್ಳಾರಿಯಲ್ಲಿ ನಾಟ್ಯ ಕಲಿಯೋ ಮಕ್ಕಳು ಎಷ್ಟಿದ್ದಾರೆ, ನೀವೇ ನೋಡಿದ್ದೀರಿ. ಆ ಮಕ್ಕಳ ರಂಗಪ್ರವೇಶ ಬಂದ್ರೆ ಹಾಡೋರು, ಮೃದಂಗದವರು, ಕೊಳಲಿನವರನ್ನ ಬೆಂಗಳೂರಿಂದ ಕರೆಸ್ತಾರೆ. ಓಡಾಟದ ಖರ್ಚು, ರೂಮು, ರಿಹರ್ಸಲ್‌ಗೆ ಒಂದೇ ದಿನ. ಇಲ್ಲೇ ಒಬ್ಬಳು ಚೆನ್ನಾಗಿ ಹಾಡೋಳಿದ್ರೆ ಯಾರು ಬೇಡ ಅಂತಾರೆ?

ತಂದೆ: ಹಾಡೋಕೆ ಬರ್ತದಲ್ಲ ಇವಳಿಗೆ, ಅದನ್ನೇ ಹಾಡಿದ್ರಾಯ್ತು.

ಟೀಚರ್: ಆಗಲ್ಲ. ಕಚೇರಿಗೆ ಹಾಡೋದು ಬೇರೆ, ನಾಟ್ಯಕ್ಕೆ ಹಾಡೋದು ಬೇರೆ. ಒಂದು ವರ್ಣ ಅಂದ್ರೆ ಅರ್ಧ ಗಂಟೆ, ಕೆಲವು ಸಲ ಮುಕ್ಕಾಲು ಗಂಟೆ. ನಾಯಿಕೆ ಸಖಿಯ ಹತ್ರ ತನ್ನ ಸಂಕಟ ಹೇಳ್ತಿದ್ದಾಳೆ ಅಂತ ಇಟ್ಕೊಳ್ಳಿ. ಹಾಡೋಳು ಆ ಒಂದೇ ಸಾಲನ್ನ ಮತ್ತೆ ಮತ್ತೆ ಹಾಡಬೇಕು, ಪ್ರತಿ ಸಲವೂ ನರ್ತಕಿ ಬೇರೆ ಭಾವ ಅಭಿನಯಿಸ್ತಿರ್ತಾಳೆ. ಸಿಟ್ಟಿಗೆ ಒಂದು ಸಂಗತಿ, ಅಳುವಿಗೆ ಇನ್ನೊಂದು. ನರ್ತಕಿ ಒಂದು ಸುತ್ತು ಹೆಚ್ಚು ತಗೊಂಡ್ರೆ ಇವಳೂ ತಗೋಬೇಕು, ತಾಳ ಮಾತ್ರ ಒಂದಕ್ಷರ ಜಾರಬಾರದು. ನಡುವೆ ನಟುವಾಂಗದವರು ಜತಿ ಹೇಳ್ತಾರೆ. ಅದು ಮುಗಿದು ಕಾಲು ನೆಲಕ್ಕೆ ತಟ್ಟಿದ ಆ ಘಳಿಗೆಗೆ ಸಾಹಿತ್ಯ ಎತ್ತಿಕೊಳ್ಳಬೇಕು, ಕಣ್ಣು ನರ್ತಕಿಯ ಪಾದದ ಮೇಲೆ. ಹಾಡಿನ ಪುಸ್ತಕ ನೋಡ್ತಾ ಕೂತ್ರೆ ಕೆಟ್ಟಿತು. ನನಗೆ ಗೊತ್ತಿರೋ ಎಷ್ಟೋ ಒಳ್ಳೇ ಗಾಯಕಿಯರು ಮೊದಲ ರಿಹರ್ಸಲ್‌ನಲ್ಲೇ ಇದನ್ನ ಬಿಟ್ಟು ಬಂದ್ರು. ನಿಮ್ಮ ಮಗಳ ತಾಳ ಗಟ್ಟಿ ಅಂದೆನಲ್ಲ, ಅದನ್ನ ಇದಕ್ಕೇ ಹೇಳಿದ್ದು.

ಮಗಳು: ಅಪ್ಪಾ, ಕಳೆದ ವರ್ಷ ಟೀಚರ್ ಜೊತೆ ಹೋಗಿದ್ದೆನಲ್ಲ, ಆ ರಂಗಪ್ರವೇಶಕ್ಕೆ. ಹಿಂದೆ ತಂಬೂರಿ ಹಿಡಿದು ಕೂತಿದ್ದೆ. ಅವತ್ತೇ ನನಗೆ ಗೊತ್ತಾಗಿದ್ದು.

ತಂದೆ: ಏನು ಗೊತ್ತಾಗಿದ್ದು?

ಮಗಳು: ಹಾಡೋರನ್ನ ಯಾರೂ ನೋಡ್ತಿರಲಿಲ್ಲ, ಎಲ್ಲರ ಕಣ್ಣೂ ಕುಣಿಯೋಳ ಮೇಲೆ. ಆದರೂ ಅವರು ಒಂದು ಸಲ ದನಿ ಇಳಿಸಿದ್ರೆ ಇಡೀ ಸಭೆ ಸುಮ್ಮನಾಗ್ತಿತ್ತು. ಹಾಗೆ ಹಾಡಬೇಕು ಅನ್ನಿಸಿತು.

ತಂದೆ: (ಟೀಚರ್ ಕಡೆ ತಿರುಗಿ) ಇದರಿಂದ ವರ್ಷಕ್ಕೆ ಎಷ್ಟು ದಿನ ಕೆಲಸ?

ಟೀಚರ್: ಕೆಲವೇ ದಿನ. ರಜೆ ಬಂದ್ರೆ ಜಾಸ್ತಿ, ಪರೀಕ್ಷೆ ಕಾಲಕ್ಕೆ ಇಲ್ಲವೇ ಇಲ್ಲ. ಅದಕ್ಕೇ ಇದು ಒಂದು ದಾರಿ ಮಾತ್ರ. ತಿಂಗಳ ದುಡ್ಡಿಗೆ ಪಾಠ ಇದ್ದೇ ಇರುತ್ತೆ. ಇಪ್ಪತ್ತು ಮಕ್ಕಳು, ತಲಾ ಐನೂರು ಅಂದ್ರೆ ಹತ್ತು ಸಾವಿರ. ಶುರುವಿಗೆ ಅಷ್ಟು ಬಂದ್ರೆ ದೊಡ್ಡದು, ಅದೂ ಮೇ ತಿಂಗಳಲ್ಲಿ ಅರ್ಧ ಮಕ್ಕಳು ಅಜ್ಜಿ ಮನೆಗೆ ಹೋಗಿರ್ತಾರೆ. ಹೊರದೇಶದ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಹೇಳಿಕೊಟ್ರೆ ಹೆಚ್ಚು ಸಿಗುತ್ತೆ. ನಮಗೆ ಬೆಳಗಿನ ಆರು ಗಂಟೆ ಅಂದ್ರೆ ಅಮೆರಿಕದ ಪೂರ್ವ ಭಾಗದಲ್ಲಿ ಹಿಂದಿನ ದಿನದ ಸಂಜೆ ಏಳೂವರೆಯೋ ಎಂಟೂವರೆಯೋ. ಮಕ್ಕಳು ಹೋಂವರ್ಕ್ ಮುಗಿಸಿ ಕೂತಿರ್ತಾರೆ. ಆದರೆ ಫೋನಿನಲ್ಲಿ ದನಿ ಒಂದು ಕ್ಷಣ ತಡವಾಗಿ ತಲುಪುತ್ತೆ, ಗುರು ಶಿಷ್ಯ ಒಟ್ಟಿಗೆ ಹಾಡೋಕಾಗಲ್ಲ. ನಾನು ಹಾಡಿ ನಿಲ್ಲಿಸಬೇಕು, ಆಮೇಲೆ ಮಗು ಹಾಡಬೇಕು. ಗಮಕ ಕಲಿಯೋದು ಗುರುವಿನ ದನಿಯೊಳಗೆ ತನ್ನ ದನಿ ಸೇರಿಸಿ. ಅದು ಅಲ್ಲಿ ಆಗಲ್ಲ. ಜೊತೆಗೆ ಬೆಳಗಿನ ಆರರಿಂದ ಎಂಟು ಗಂಟೆ ಸ್ವಂತ ಸಾಧಕದ ಹೊತ್ತು. ಅದನ್ನ ಡಾಲರಿಗೆ ಕೊಟ್ಟ ಹುಡುಗಿಯರನ್ನ ನಾನು ನೋಡಿದ್ದೀನಿ. ಐದು ವರ್ಷದಲ್ಲಿ ದನಿ ಪಾಠದ ದನಿ ಆಗಿಬಿಡುತ್ತೆ. ಮಾಡೋದಾದ್ರೆ ವಾರಕ್ಕೆ ಎರಡೇ ದಿನ ಅಂತ ಇವಳಿಗೆ ಕಟ್ಟುನಿಟ್ಟಾಗಿ ಹೇಳ್ತೀನಿ.

ತಂದೆ: ಸರ್ಕಾರಿ ನೌಕರಿ?

ಟೀಚರ್: ಇದೆ, ಕಡಿಮೆ ಇದೆ. ನಿಮ್ಮ ದೋಣಿಮಲೈ ಟೌನ್‌ಶಿಪ್ಪಿನಲ್ಲಿ ಕೇಂದ್ರೀಯ ವಿದ್ಯಾಲಯ ಇದೆಯಲ್ಲ. ಆ ಶಾಲೆಗಳ ಪ್ರೈಮರಿ ವಿಭಾಗಕ್ಕೆ ಸಂಗೀತದ ಟೀಚರ್ ಹುದ್ದೆ ಅಂತಲೇ ಇರುತ್ತೆ, ಸಂಗೀತದಲ್ಲಿ ಡಿಗ್ರಿ ಬೇಕು, ದೇಶದ ಯಾವ ಮೂಲೆಗಾದ್ರೂ ಹಾಕಬಹುದು. ನವೋದಯ ಶಾಲೆಗಳಲ್ಲೂ ಸಂಗೀತದ ಟೀಚರ್ ಇರ್ತಾರೆ. ಕಾಲೇಜಿಗೆ ಹೋಗೋದಾದ್ರೆ ಎಂಎ ಮಾಡಿ ನೆಟ್ ಪಾಸು ಮಾಡಬೇಕು. ಮೈಸೂರಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಇಲ್ಲಿ ಕಮಲಾಪುರದ ಹತ್ರ, 1991ರಲ್ಲಿ ಶುರುವಾದ ನಮ್ಮ ಕನ್ನಡ ವಿಶ್ವವಿದ್ಯಾಲಯದಲ್ಲೂ ಸಂಗೀತದ ಅಧ್ಯಯನ ಇದೆ, ಶಾಸ್ತ್ರದ ಕಡೆ, ಸಂಶೋಧನೆ ಕಡೆ ಮನಸ್ಸು ಹೋದ್ರೆ ಮನೆಬಾಗಿಲಲ್ಲೇ ಇದೆ. ರಾಮಾಮಾತ್ಯ ಬರೆದ ಊರಲ್ಲಿ ಕೂತು ರಾಮಾಮಾತ್ಯನನ್ನ ಓದೋದು ಎಲ್ಲರಿಗೂ ಸಿಗೋ ಭಾಗ್ಯ ಅಲ್ಲ. ಆದರೆ ಹುದ್ದೆಯನ್ನೇ ನಂಬಿ ಕೂರೋದು ಬೇಡ. ಅರ್ಜಿ ಕರೆಯೋದು ಯಾವಾಗಲೋ ಒಮ್ಮೆ, ಕರೆದಾಗ ಸರ್ಟಿಫಿಕೇಟು ಕೈಲಿರಬೇಕು, ಅಷ್ಟೆ.

ತಂದೆ: ರೇಡಿಯೋ?

ಟೀಚರ್: ಆಕಾಶವಾಣಿಯಲ್ಲಿ ಆಡಿಷನ್ ಕೊಟ್ರೆ ಗ್ರೇಡ್ ಕೊಡ್ತಾರೆ. ಬಿ, ಆಮೇಲೆ ಬಿ ಹೈ, ಎ, ಕೊನೆಗೆ ಟಾಪ್. ಅದರಿಂದ ಬರೋ ದುಡ್ಡು ದೊಡ್ಡದಲ್ಲ. ಆದರೆ ಆ ಒಂದಕ್ಷರ ಬಹಳ ಕೆಲಸ ಮಾಡುತ್ತೆ. ಸಭೆಯವರು ಕರೆಯೋಕೆ, ಉತ್ಸವದಲ್ಲಿ ಸಂಭಾವನೆ ನಿಗದಿ ಮಾಡೋಕೆ ಮೊದಲು ಕೇಳೋದು ಅದನ್ನೇ. ‘ಎ’ ಗ್ರೇಡ್ ಇದ್ದು, ಒಳ್ಳೇ ಗುರುವಿನ ಹತ್ರ ಕಲಿತಿದ್ದು, ಶಾಸ್ತ್ರ ವಿವರಿಸೋ ಶಕ್ತಿ ಇದ್ರೆ, ಬರೀ ಡಿಗ್ರಿ ಇದ್ದ ಕಲಾವಿದರನ್ನೂ ವಿಶ್ವವಿದ್ಯಾಲಯದ ಅಧ್ಯಾಪಕರಾಗಿ ತಗೊಳ್ಳೋಕೆ ಯುಜಿಸಿ ನಿಯಮದಲ್ಲಿ ಅವಕಾಶ ಇದೆ. ಇನ್ನು ಸಿನಿಮಾ, ಸ್ಟುಡಿಯೋ, ಟಿವಿ ಸ್ಪರ್ಧೆ, ಅದೆಲ್ಲ ಬೆಂ­ಗಳೂರಿನ ಮಾತು. ಹೋಗಬಾರದು ಅನ್ನಲ್ಲ, ಅದಕ್ಕೆ ಬೇಕಾದ ತಯಾರಿ ಬೇರೆ, ನನಗೆ ಅದು ಗೊತ್ತಿರೋದೂ ಕಡಿಮೆ.

ತಂದೆ: ಹಂಪಿ ಉತ್ಸವದಾಗೆ ಹಾಡಿಸ್ತಾರಂತಲ್ಲ?

ಟೀಚರ್: ಎಂ.ಪಿ. ಪ್ರಕಾಶರು ಕಂಡ ಕನಸು ಅದು. ಅಲ್ಲಿ ಹಾಡೋದು ನಮಗೆ ಮರ್ಯಾದೆ, ನಾನು ಹಾಡಿದ ದಿನ ಇವತ್ತಿಗೂ ನೆನಪಿದೆ. ಆದರೆ ಉತ್ಸವ ವರ್ಷಕ್ಕೊಮ್ಮೆ. ಅದನ್ನ ಬದುಕಿನ ಲೆಕ್ಕಕ್ಕೆ ತಗೋಬೇಡಿ.

ತಂದೆ: ನೀವು ಹೇಳಿದ್ದು ಕೂಡಿಸಿದ್ರೆ ಹಿಂಗಾಗ್ತದೆ. ಪಾಠದಿಂದ ಒಂದಿಷ್ಟು, ನಾಟ್ಯದಿಂದ ಒಂದಿಷ್ಟು, ರೇಡಿಯೋದಿಂದ ಒಂದಿಷ್ಟು, ಅದೃಷ್ಟ ಇದ್ರೆ ಶಾಲೆ. ಯಾವುದೂ ಪೂರ್ತಿ ಅಲ್ಲ, ಎಲ್ಲಾ ಸೇರಿದ್ರೆ ಒಂದು ಸಂಸಾರ.

ಟೀಚರ್: ಹೌದು, ಅದಕ್ಕೂ ಒಂದು ಷರತ್ತಿದೆ. ಮೊದಲ ಏಳೆಂಟು ವರ್ಷ ಎಲ್ಲಾ ಸೇರಿದ್ರೂ ಸಾಲಲ್ಲ. ಕಲಿಯೋದು ಮುಗಿಯೋದೇ ಇಪ್ಪತ್ತೈದಕ್ಕೆ. ಅಲ್ಲೀವರೆಗೂ ಮನೆ ತಡೀಬೇಕು. ಎಷ್ಟೋ ಒಳ್ಳೇ ದನಿಗಳು ನಿಂತದ್ದು ಪ್ರತಿಭೆ ಇಲ್ಲದೆ ಅಲ್ಲ, ಇಪ್ಪತ್ತೊಂದಕ್ಕೇ ದುಡಿದು ತರಬೇಕಾಗಿ ಬಂದಿದ್ದರಿಂದ. ಇದನ್ನ ನಾನು ನೇರವಾಗಿ ನಿಮಗೇ ಹೇಳಬೇಕು, ಯಾಕಂದ್ರೆ ಇಲ್ಲಿ ಪರೀಕ್ಷೆ ಇರೋದು ಇವಳಿಗಲ್ಲ, ನಿಮಗೆ. ಸ್ವಲ್ಪ ಆಸರೆ ಇದೆ. ಕೇಂದ್ರದ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಕಲಾವಿದರಿಗೆ ಶಿಷ್ಯವೇತನ ಕೊಡುತ್ತೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ದೇಶವೆಲ್ಲ ಅರ್ಜಿ ಹಾಕುತ್ತೆ, ಸಿಕ್ಕೇ ಸಿಗುತ್ತೆ ಅನ್ನೋಕಾಗಲ್ಲ. ಆದರೆ ಅರ್ಜಿ ಹಾಕದೆ ಬಿಟ್ಟ ನಮ್ಮ ಕಡೆಯ ಮಕ್ಕಳೇ ಜಾಸ್ತಿ.

ತಂದೆ: ಬಿಕಾಂ ಮಾಡ್ಕೊಂತ ಸಂಗೀತ ಕಲಿತ್ರೆ?

ಟೀಚರ್: ಮಾಡಬಹುದು. ಬಹಳ ಜನ ಹಾಗೇ ಮಾಡ್ತಾರೆ. ನಾನು ಬೇಡ ಅನ್ನೋದು ಒಂದೇ ಕಾರಣಕ್ಕೆ. ಬೆಳಗಿನ ಕ್ಲಾಸು, ಸಂಜೆ ಟ್ಯೂಷನ್ನು, ಸೆಮಿಸ್ಟರ್ ಪರೀಕ್ಷೆ, ಇದರ ನಡುವೆ ಉಳಿಯೋ ಅರ್ಧ ಗಂಟೆಯಲ್ಲಿ ಕೀರ್ತನೆ ಪಾಠ ಆಗುತ್ತೆ, ಗಂಟಲು ತಯಾರಾಗಲ್ಲ. ಅಕಾರ ಸಾಧನೆಗೆ, ಮೂರು ಕಾಲದ ವರ್ಣಕ್ಕೆ ದಿನಾ ಮೂರು ಗಂಟೆ ಬೇಕು, ಅದೂ ಈ ವಯಸ್ಸಿನಲ್ಲಿ. ನಲವತ್ತಕ್ಕೆ ಬಿಕಾಂ ಮಾಡಿದೋರನ್ನ ನೋಡಿದ್ದೀನಿ. ನಲವತ್ತಕ್ಕೆ ಗಂಟಲು ಬಗ್ಗಿಸಿದೋರನ್ನ ನೋಡಿಲ್ಲ.

ತಂದೆ: ಮದುವೆ ಆಗಿ ಬೇರೆ ಊರಿಗೆ ಹೋದ್ರೆ ಇದೆಲ್ಲ ಏನಾಗ್ತದೆ?

ಟೀಚರ್: ವಿದ್ಯೆ ಜೊತೆಗೇ ಹೋಗುತ್ತೆ. ಅಕೌಂಟ್ಸ್ ಕೆಲಸ ಬಿಟ್ಟು ಹೋದ್ರೆ ಹೊಸ ಊರಲ್ಲಿ ಇನ್ನೊಬ್ಬರ ಬಾಗಿಲಿಗೆ ಹೋಗಿ ಕೆಲಸ ಕೇಳಬೇಕು. ಹಾಡು ಬಲ್ಲೋಳು ಹೊಸ ಬೀದಿಗೆ ಹೋದ ತಿಂಗಳಿಗೆ ಎರಡು ಮಕ್ಕಳಿಗೆ ಸರಳೆ ಶುರು ಮಾಡ್ತಾಳೆ. ಆದರೆ ಮದುವೆ ಆದ ಮೇಲೆ ಹಾಡಬಾರದು ಅನ್ನೋ ಮನೆ ಸಿಕ್ಕರೆ ಯಾವ ಡಿಗ್ರಿಯೂ ಉಳಿಸಲ್ಲ. ಆ ಜವಾಬ್ದಾರಿಯೂ ನಿಮ್ಮದೇ, ಹುಡುಗನ ಮನೆಯವರ ಹತ್ರ ಮೊದಲೇ ಮಾತಾಡೋದು.

ಮಗಳು: ಅಪ್ಪಾ, ನಾನು ಒಂದು ಹೇಳಲಾ? ನಮ್ಮ ಬೀದಿಯಲ್ಲಿ ನಾನು ಸಾಧನೆ ಮಾಡುವಾಗ ಕಿಟಕಿ ಹೊರಗೆ ಮೂರು ಮಕ್ಕಳು ಬಂದು ನಿಂತ್ಕೊತಾವೆ. ಅದರಲ್ಲಿ ಒಂದು ಲಂಬಾಣಿ ಹುಡುಗಿ, ತಾಂಡಾದಿಂದ ಶಾಲೆಗೆ ಬರೋಳು, ನಾನು ಹಾಡಿದ್ದೆಲ್ಲಾ ಒಂದೇ ಸಲಕ್ಕೆ ಹಿಡೀತಾಳೆ. ಅವರಪ್ಪ ಅವಳನ್ನ ಹೊಸಪೇಟೆಗೆ ಬಸ್ಸು ಹತ್ತಿಸಲ್ಲ. ನಾನು ಬೆಂಗಳೂರಿಗೆ ಹೋಗಿ ದೊಡ್ಡೋಳಾಗಬೇಕು ಅಂತ ಕೇಳ್ತಿಲ್ಲ. ಚೆನ್ನಾಗಿ ಕಲಿತು ಸಂಡೂರಿಗೇ ವಾಪಸ್ ಬರ್ತೀನಿ.

ತಂದೆ: ನಮ್ಮ ಮನೆ ಕಿಟಕಿ ಹತ್ರಾ? ನನಗೆ ಯಾರೂ ಹೇಳಲಿಲ್ಲ.

ಮಗಳು: ನೀವು ಆ ಹೊತ್ತಿಗೆ ವೇಬ್ರಿಡ್ಜಿನಲ್ಲಿರ್ತೀರಿ.

ಟೀಚರ್: ಆ ಹುಡುಗಿಯನ್ನ ಒಂದು ದಿನ ನನ್ನ ಹತ್ರ ಕರ್ಕೊಂಡು ಬಾ. ಫೀಸಿನ ಮಾತು ಎತ್ತಬೇಡ.

ತಂದೆ: ಮೇಡಂ, ಮೂರು ವರ್ಷ. ಸಂಗೀತದ ಡಿಗ್ರಿಗೇ ಹಾಕ್ತೀನಿ. ಮೂರು ವರ್ಷದಾಗೆ ಆಡಿಷನ್ನು ಪಾಸಾಗಬೇಕು, ನೀವು ಹೇಳಿದ ಆ ನಾಟ್ಯದ ಹಾಡು ಕಲೀಬೇಕು, ಶಿಷ್ಯವೇತನಕ್ಕೆ ಅರ್ಜಿ ಹಾಕಬೇಕು. ಆಮೇಲೆ ಕೂತು ಮತ್ತೆ ಲೆಕ್ಕ ನೋಡೋಣ. ಇಪ್ಪತ್ತೈದರವರೆಗೂ ಅಂತ ಈಗಲೇ ಮಾತು ಕೊಡೋಕೆ ನನ್ನಿಂದ ಆಗಲ್ಲ.

ಟೀಚರ್: ಮೂರು ವರ್ಷ ಕೊಟ್ಟಿದ್ದೇ ದೊಡ್ಡದು. ಆದರೆ ಇವಳು ಹಾರ್ಮೋನಿಯಂ ಸಹ ಕಲೀಬೇಕು. ಎರಡೂ ಪದ್ಧತಿಯವರ ಜೊತೆ ಕೂರೋಕೆ ಅದು ಬೇಕು.

ತಂದೆ: ನಮ್ಮ ಮಾವ ಮಾರಿದ ಪೆಟ್ಟಿಗೆ ಕುಡಿತಿನಿಯಾಗೆ ಒಬ್ಬರ ಮನೆಯಾಗೈತಿ. ನುಡಿಸೋರಿಲ್ಲ, ಸುಮ್ಮನೆ ಬಿದ್ದೈತಿ. ಈ ಭಾನುವಾರ ಹೋಗಿ ಕೇಳ್ತೀನಿ, ಎಷ್ಟಕ್ಕೆ ಕೊಡ್ತೀರಿ ಅಂತ. ತಿದಿ ಹರಿದಿದ್ರೆ, ಸ್ವರ ಕೆಟ್ಟಿದ್ರೆ ರಿಪೇರಿ ಮಾಡೋರು ಹೊಸಪೇಟೆಯಾಗೆ ಸಿಗ್ತಾರಾ?

ಟೀಚರ್: ತಂದು ನನ್ನ ಮನೆಯಲ್ಲಿಡಿ. ಬಳ್ಳಾರಿಯಿಂದ ತಿಂಗಳಿಗೊಮ್ಮೆ ಒಬ್ಬರು ಬರ್ತಾರೆ. ಸ್ವರ ಮಾತ್ರ ಅವರು ಬರೋವರೆಗೂ ಯಾರೂ ಮುಟ್ಟಬಾರದು.